ಒಂಟಿ ಕಾಲಿನ ದೇವಿ

ಕಳೆದ ವಾರ ಹುರುಳಿ ಹುರಿಯುತ್ತಿದ್ದೆ. ಅತ್ತಾವರದ ಈ ಫ್ಲ್ಯಾಟುಗಳಲ್ಲಿ ಒಬ್ಬರ ಬಾಣಲೆಯಲ್ಲಿ ಏನಿದೆ ಎಂಬುದು ಎಲ್ಲ ಮಹಡಿಗೂ ಗೊತ್ತಾಗುತ್ತದೆ. ಎದುರು ಮನೆಯಲ್ಲಿ ಮೆಡಿಕಲ್ ಓದುವ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಅವಳು ಓಡಿ ಬಂದು, "ಆಂಟೀ, ಎಂತ ಕರಟಿದ್ದು?" ಎಂದು ಕೇಳಿದಳು.

"ಕರಟಿದ್ದಲ್ಲ ಮಗಾ, ಇದರ ವಾಸನೆಯೇ ಹೀಗೆ. ಇವತ್ತು ಕೆಡ್ಡಸ ಅಲ್ವಾ? ನನ್ನೆರಿ ಮಾಡ್ತಾ ಇದ್ದೇನೆ."

ಕೆಡ್ಡಸವೆಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಭೂಮಿ ಮುಟ್ಟಾಗುವ ಮೂರು ದಿನ, ಆಗ ನೆಲ ಅಗೆಯಬಾರದು, ಉಳಬಾರದು, ಹಸಿರು ಕೊಯ್ಯಬಾರದು, ಹುರಿದ ಅಕ್ಕಿ ಹುರುಳಿಗೆ ಬೆಲ್ಲ ಕಾಯಿ ಸೇರಿಸಿದ ನನ್ನೆರಿ ತಿನ್ನಬೇಕು ಎಂದೆಲ್ಲ ವಿವರಿಸಿದೆ. ವೈದ್ಯಕೀಯ ಕಲಿಯುವವಳಲ್ಲವೇ, ಭೂಮಿಯ ವಿಷಯ ಅವಳಿಗೆ ಬಹಳ ಹಿಡಿಸಿತು. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, "ಹೆಂಗಸರಿಗೆ ರೆಸ್ಟ್, ಸರಿ. ಗಂಡಸರು ಆ ಮೂರು ದಿನ ಎಂತ ಮಾಡ್ತಿದ್ರು?" ಎಂದಳು.

"ಬೇಟೆಗೆ ಹೋಗ್ತಿದ್ದರು," ಎಂದೆ.

ಅವಳು ನಕ್ಕು ಹೋದಳು. ನಾನು ಸಟ್ಟುಗ ಹಿಡಿದುಕೊಂಡು ನಿಂತೇ ಇದ್ದೆ. ಆ ಹುರುಳಿ ಕೊನೆಗೆ ನಿಜವಾಗಿಯೂ ಕರಟಿತು.

ನೋಡಿ, ನಿಮಗೊಂದು ವಿಷಯ ಹೇಳಬೇಕು. ಹೇಳಿದರೆ ಜಂಬ ಅಂದುಕೊಳ್ಳಬೇಡಿ. ಒಂದು ಕಾಲದಲ್ಲಿ ನಾನು ದೇವಿಯಾಗಿದ್ದೆ. ನಾಟಕದಲ್ಲಲ್ಲ. ಕಾವೂರಿನ ಗುಡ್ಡೆಯಲ್ಲಿ, ಕಲ್ಲು, ಕೆಂಪು ಬಟ್ಟೆ, ಎಳನೀರು, ಹರಕೆ ಎಲ್ಲ ಇದ್ದ ದೇವಿ. ಅದು ಗೊತ್ತಾದಾಗ ನನಗೆ ಹದಿನೇಳು ವರ್ಷ.

ನಮ್ಮ ಮನೆ ಕಾವೂರು ಕೆರೆಯ ಆಚೆಗಿತ್ತು. ಮುಂದೆ ಗದ್ದೆ, ಹಿಂದೆ ಗೇರು ಮರಗಳ ಗುಡ್ಡೆ. ಬಜಪೆಯಲ್ಲಿ ಇಳಿಯುವ ವಿಮಾನ ನಮ್ಮ ತಲೆಯ ಮೇಲೆಯೇ ಹೋಗುತ್ತಿತ್ತು. ಅದು ಹೋಗುವಾಗ ಅಜ್ಜಿ ಒಣಗಲು ಹಾಕಿದ ಹಪ್ಪಳವನ್ನು ಕೈಯಲ್ಲಿ ಒತ್ತಿ ಹಿಡಿದುಕೊಳ್ಳುತ್ತಿದ್ದರು, ಗಾಳಿಗೆ ಹಾರಿ ಹೋದೀತೆಂದು. ಮನೆಯ ಯಜಮಾನರು ಅಮ್ಮನ ಅಣ್ಣ, ನನ್ನ ಸಂಜೀವ ಮಾವ. ನಮ್ಮದು ಅಳಿಯಕಟ್ಟಿನ ಕುಟುಂಬ, ಹೆಣ್ಣುಮಕ್ಕಳಿಂದ ಮುಂದುವರಿಯುವಂಥದ್ದು. ಆ ಮನೆಯಲ್ಲಿ ಇದ್ದ ಹೆಣ್ಣುಮಗು ನಾನೊಬ್ಬಳೇ. ಅಜ್ಜಿ ನನಗೆ ಊಟ ಬಡಿಸುವಾಗ, "ಇದು ಹೊಟ್ಟೆಗಲ್ಲ, ಕುಟುಂಬಕ್ಕೆ," ಎಂದು ಇನ್ನೊಂದು ಸೌಟು ಹಾಕುತ್ತಿದ್ದರು. ಆ ಕುಟುಂಬದ ಭಾರವನ್ನು ನಾನು ಇಂದಿಗೂ ಸೊಂಟದ ಸುತ್ತ ಹೊತ್ತಿದ್ದೇನೆ.

ಮಾವ ಹೆಂಚಿನ ಕಾರ್ಖಾನೆಯೊಂದರಲ್ಲಿ ರೈಟರ್ ಆಗಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊಡೆ, ಕಡಿಮೆ ಮಾತು. ವರ್ಷದಲ್ಲಿ ಕೆಡ್ಡಸದ ನಡುವಿನ ದಿನ ಮಾತ್ರ ಅವರು ಬೇರೆಯೇ ಮನುಷ್ಯ. ಅಟ್ಟದಿಂದ ಕೇಪಿನ ಕೋವಿ, ಕೇಪು ಸಿಡಿದು ಮದ್ದಿಗೆ ಕಿಡಿ ಹತ್ತಿಸುವಂಥದ್ದು, ಇಳಿಯುತ್ತಿತ್ತು. ಖಾಕಿ ಚಡ್ಡಿ ಬರುತ್ತಿತ್ತು. ಬಂದರಿನಲ್ಲಿ ಮೆಣಸು ಕೊತ್ತಂಬರಿಯ ಅಂಗಡಿ ಇಟ್ಟಿದ್ದ ಅವರ ಸ್ನೇಹಿತ ಅದ್ರಾಮ ಬ್ಯಾರಿ ಬೆಳಿಗ್ಗೆಯೇ ಬಂದು ಚಾವಡಿಯಲ್ಲಿ ಕುಳಿತಿರುತ್ತಿದ್ದರು. ಹಂದಿ ಸಿಕ್ಕಿದರೆ ನಮಗೆ, ಮೊಲ ಸಿಕ್ಕಿದರೆ ಅವರಿಗೆ ಎಂದು ಒಪ್ಪಂದ. ಹೆಚ್ಚಿನ ವರ್ಷ ಎರಡೂ ಸಿಗದೆ ಇಬ್ಬರೂ ನನ್ನೆರಿ ತಿಂದು ಕೈ ತೊಳೆದುಕೊಳ್ಳುತ್ತಿದ್ದರು.

ಏಳು ವರ್ಷದವಳಿದ್ದಾಗಿನ ಒಂದು ಕೆಡ್ಡಸ ನನಗೆ ನೆನಪಿದೆ. ನೆನಪಿಟ್ಟುಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮಾವ ನನ್ನ ನಾಯಿ ಕಾಳಿಯನ್ನು ಬೇಟೆಗೆ ಕರೆದುಕೊಂಡು ಹೋದರು. ಕರಿ ಬಣ್ಣದ ಹೆಣ್ಣು ನಾಯಿ, ಮಹಾ ಪುಕ್ಕಲು, ಕಪ್ಪೆ ಹಾರಿದರೂ ನನ್ನ ಹಿಂದೆ ಅಡಗುವಂಥದ್ದು. ಹಂದಿ ಅದರ ಹೊಟ್ಟೆ ಸೀಳಿಬಿಟ್ಟರೆ ಎಂದು ನನಗೆ ಅಳು. ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚಿ ಮೀಯಿಸಿ, ಕೂದಲು ಒಣಗಲೆಂದು ಬಿಚ್ಚಿ ಬಿಟ್ಟು, ಮುಂಬಯಿಯಿಂದ ಅಪ್ಪ ಕಳಿಸಿದ್ದ ಕೆಂಪು ಫ್ರಾಕು ಹಾಕಿ ಅಂಗಳದಲ್ಲಿ ಕೂರಿಸಿದ್ದಳು. ಅವಳು ಒಳಗೆ ಹೋದದ್ದೇ ನಾನು ಗುಡ್ಡೆ ಹತ್ತಿದೆ. ಅರ್ಧ ಹತ್ತುವಾಗ ಕಾಲಿಗೆ ಮುಳ್ಳು ಹೊಕ್ಕಿತು. ಅದೇ ಹೊತ್ತಿಗೆ ಕಾಳಿಯೂ ಬೇಟೆ ಬಿಟ್ಟು ಎಲ್ಲಿಂದಲೋ ಬಂದು ನನ್ನ ಪಕ್ಕದಲ್ಲಿ ಬಾಲ ಆಡಿಸಿತು. ನಾನು ಪೊದೆಯ ಹಿಂದೆ ಬಗ್ಗಿ ಮುಳ್ಳು ಕಿತ್ತೆ. ಎದ್ದು ನೋಡಿದರೆ ಅದು ಮತ್ತೆ ಮಾಯ. ನೋವಿನ ಕಾಲನ್ನು ಎತ್ತಿಕೊಂಡು, ಒಂದೇ ಕಾಲಿನಲ್ಲಿ ನಿಂತು, ಇದ್ದ ಶಕ್ತಿಯನ್ನೆಲ್ಲ ಹಾಕಿ "ಕಾಳೀ!" ಎಂದು ಕೂಗಿದೆ. ಕಾಳಿ ಬಂತು. ಇಬ್ಬರೂ ಮನೆಗೆ ಓಡಿದೆವು. ಮುಳ್ಳು ನಂಜಾಗಿ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಮುಂಬಯಿಗೆ ಹೋದಳು. ಅಪ್ಪ ಅಲ್ಲಿ ಹೋಟೆಲೊಂದರ ಮ್ಯಾನೇಜರ್. ಕೊನೆಗೂ ಅವರಿಗೊಂದು ಖೋಲಿ ಸಿಕ್ಕಿತ್ತು.

ಇಷ್ಟೇ.

ಹತ್ತು ವರ್ಷ ಕಳೆದು, ಕಾಲೇಜು ಓದಲೆಂದು ನಾನೂ ನನ್ನ ಜೊತೆಗೆ ಅಮ್ಮನೂ ಕಾವೂರಿಗೆ ಮರಳಿದೆವು. ಬಂದ ವಾರವೇ ಗೇರು ಹಣ್ಣಿನ ಆಸೆಗೆ ಗುಡ್ಡೆಯ ಕಡೆ ಹೊರಟೆ. ಅಜ್ಜಿ ಬಾಗಿಲಲ್ಲೇ ತಡೆದರು.

"ಆ ಬದಿಗೆ ಹೋಗ್ಬೇಡ. ಅಲ್ಲಿ ಅಪ್ಪೆ ಇದ್ದಾಳೆ."

"ಯಾವ ಅಪ್ಪೆ, ಅಜ್ಜೀ?" ಅಪ್ಪೆ ಎಂದರೆ ತುಳುವಿನಲ್ಲಿ ತಾಯಿ, ದೇವಿಗೂ ಹಾಗೆಯೇ ಹೇಳುತ್ತಾರೆ. ಆದರೆ ನಾನು ಕಂಡ ಹಾಗೆ ಆ ಗುಡ್ಡೆಯಲ್ಲಿ ಗೇರು ಮರ ಬಿಟ್ಟರೆ ಏನೂ ಇರಲಿಲ್ಲ.

ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಕುಳಿತು ಹೇಳತೊಡಗಿದರು. ಒಂದು ಕೆಡ್ಡಸದ ದಿನ ಮಾವ ಕೋವಿ ಹಿಡಿದು ನಿಂತಿದ್ದಾಗ ಎದುರಿನ ಪೊದೆಯಿಂದ ದೇವಿ ಎದ್ದು ಬಂದಳಂತೆ. ಕೆಂಪು ಪಟ್ಟೆ ಸೀರೆ, ಮೊಣಕಾಲವರೆಗೆ ಬಿಚ್ಚಿ ಬಿಟ್ಟ ಕೂದಲು, ಪಕ್ಕದಲ್ಲಿ ಹುಲಿಮರಿ. "ನಾನು ಕಾಳೀ!" ಎಂದು ತನ್ನ ಹೆಸರನ್ನು ತಾನೇ ಕೂಗಿದಳಂತೆ. ಆ ಕೂಗು ಕೆರೆಯ ಆಚೆಗೂ ಕೇಳಿಸಿತಂತೆ.

"ಮತ್ತೆ, ಅವಳಿಗೆ ಕಾಲು ಒಂದೇ," ಎಂದರು ಅಜ್ಜಿ, ದನಿ ತಗ್ಗಿಸಿ.

ಕೆಂಪು ಎಂದಾಗ ನನಗೆ ಏನೂ ಅನಿಸಿರಲಿಲ್ಲ. ಕೂದಲೆಂದಾಗಲೂ ಇಲ್ಲ. ಕಾಳಿ ಎಂದಾಗ ಒಮ್ಮೆ ಕಿವಿ ಚುರುಕಾಯಿತು. ಒಂದೇ ಕಾಲು ಎಂದಾಗ ನನ್ನ ಎಡ ಅಂಗಾಲು ತಾನಾಗಿಯೇ ನೆಲದಿಂದ ಮೇಲೆದ್ದಿತು. ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಗುಡ್ಡೆಯ ಕಡೆ ತಿರುಗಿ ಎರಡೂ ಕೈ ಎತ್ತಿ ಮುಗಿದಿದ್ದರು. ಮುಗಿದ ಆ ಕೈಗಳ ಎದುರು, "ಅಜ್ಜೀ, ಅದು ಮುಳ್ಳು," ಎಂದು ಹೇಗೆ ಹೇಳಲಿ?

ಸಂಜೆ ಅಮ್ಮನನ್ನು ಮೆಲ್ಲಗೆ ವಿಚಾರಿಸಿದೆ. ಅವಳು ಕೊಟ್ಟದ್ದು ಇನ್ನೊಂದು ಪೆಟ್ಟು.

"ನಿನಗೆ ಮುಂಬಯಿಯಲ್ಲಿ ಟೈಫಾಯಿಡ್ ಆಗಿತ್ತಲ್ಲ, ಆಗ ಗುಡ್ಡೆಯ ಅಪ್ಪೆಗೇ ಹರಕೆ ಹೇಳಿದ್ದು. ವರ್ಷ ವರ್ಷ ಊರಿಗೆ ಬರುವವರ ಕೈಯಲ್ಲಿ ಕೆಂಪು ಬಟ್ಟೆ ಕಳಿಸ್ತಿದ್ದೆ. ಅವಳೇ ನಿನ್ನನ್ನು ಉಳಿಸಿದ್ದು."

ನನ್ನ ಜೀವ ಉಳಿಸೆಂದು ಅಮ್ಮ ನನಗೇ ಹರಕೆ ಹೊತ್ತಿದ್ದಳು. ನಾನು ಈಡೇರಿಸಿಯೂ ಇದ್ದೆ.

ಮೊದಲ ಆಘಾತ ಕಳೆದ ಮೇಲೆ ನನಗೆ ಸ್ವಲ್ಪ ಕೊಬ್ಬೂ ಬಂತು. ಅಂಗಳ ಗುಡಿಸು ಎಂದು ಅಮ್ಮ ಗದರಿದರೆ, ಯಾರ ಕೈಯಲ್ಲಿ ಪೊರಕೆ ಕೊಟ್ಟಿದ್ದೀಯೆಂದು ನಿನಗೆ ಗೊತ್ತಿಲ್ಲ ಎಂದು ಮನಸ್ಸಿನಲ್ಲೇ ಕ್ಷಮಿಸುತ್ತಿದ್ದೆ. ಕಾಲೇಜಿನ ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ನನ್ನ ದೃಷ್ಟಿಯೇ ಬೇರೆಯಾಗುತ್ತಿತ್ತು. ತುಳಿದವರಿಗೆ ಏನೂ ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಇದೆಲ್ಲ ನಗೆಯ ವಿಷಯವಾಗಿಯೇ ಉಳಿಯುತ್ತಿತ್ತೋ ಏನೋ, ನಡುವೆ ಚರಿತ್ರೆಯ ಮೇಷ್ಟ್ರು ಬಾರದೇ ಇದ್ದಿದ್ದರೆ.

ಅವರು ಮೈಸೂರು ಕಡೆಯವರು. ದಪ್ಪ ದೇಹ, ದಪ್ಪ ಕನ್ನಡಕ. ಪಾಠ ಮಾಡುವಾಗ ಎಂಥ ಮಳೆ ಬಂದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಆ ಆಷಾಢದಲ್ಲಿ ಅವರು ಆದಿಮಾನವನ ಪಾಠಕ್ಕೆ ಬಂದಿದ್ದರು. ನೇಗಿಲು ಬರುವುದಕ್ಕೆ ಎಷ್ಟೋ ಮೊದಲು, ಗೆಡ್ಡೆ ಅಗೆದು, ಹಣ್ಣು ಹೆಕ್ಕಿ, ಬೇಟೆಯಾಡಿ ಬದುಕಿದ ಜನ ದೇವರನ್ನು ಎಲ್ಲಿ ಕಂಡರು ಎಂದು ಕೇಳಿದರು.

"ಕೊಂದ ಪ್ರಾಣಿಯ ಎದುರು ಕಂಡರು," ಎಂದರು. "ಕೊಲ್ಲದೆ ಇದ್ದರೆ ಹೊಟ್ಟೆಗಿಲ್ಲ. ಕೊಂದರೆ ಮನಸ್ಸು ಒಪ್ಪೋದಿಲ್ಲ. ಬಿದ್ದ ಪ್ರಾಣಿಯ ಹತ್ತಿರ ಕೂತು ಕ್ಷಮೆ ಕೇಳೋ ಜನ ಇದ್ದಾರಮ್ಮ. ಕೊಂದದ್ದು ನಾನಲ್ಲ, ನನ್ನ ಬಾಣ ಅನ್ನೋರಿದ್ದಾರೆ. ತಲೆಬುರುಡೆಯನ್ನ ಜೋಪಾನವಾಗಿ ಇಟ್ಟು ಅದಕ್ಕೆ ಊಟ ಇಡೋರಿದ್ದಾರೆ. ಮೊದಲು ಅಂಥದ್ದೊಂದು ಆಚರಣೆ, ಆಮೇಲೆ ಅದಕ್ಕೊಂದು ಕಥೆ. ಪುರಾಣ ಹುಟ್ಟೋದು ಹಾಗೆ." ಆಮೇಲೆ ಕನ್ನಡಕ ಒರೆಸುತ್ತ, "ನಿಮ್ಮ ಕಡೆ ಅಂಥದ್ದೇನಾದ್ರೂ ಉಳಿದಿದೆಯೇ?" ಎಂದು ಕೇಳಿದರು.

ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. ಎದ್ದು ನಿಂತು ಕೆಡ್ಡಸದ ವಿಷಯ ಹೇಳಿದೆ. ಗುಡ್ಡೆಯ ಕಲ್ಲಿನ ವಿಷಯವನ್ನೂ ಹೇಳಿದೆ. ಕಲ್ಲು ಯಾರದ್ದೆಂದು ಮಾತ್ರ ಹೇಳಲಿಲ್ಲ.

ಮೇಷ್ಟ್ರು ಮೇಜಿಗೆ ಒರಗಿ ನಿಂತುಬಿಟ್ಟರು. "ಮೂರು ದಿನ ಉಳೋದಿಲ್ಲ. ಅಗೆಯೋದಿಲ್ಲ. ಬೇಟೆಗೆ ಹೋಗ್ತೀರಿ. ಹಿಟ್ಟು ಕುಟ್ಟೋದಿಲ್ಲ, ಬರೀ ಹುರಿದದ್ದು ತಿಂತೀರಿ. ನೇಗಿಲಿಗಿಂತ ಹಿಂದಕ್ಕೆ ಹೋಗಿಬಿಡ್ತೀರಲ್ಲಮ್ಮ ನೀವು!"

ಇಡೀ ತರಗತಿ ನನ್ನತ್ತ ತಿರುಗಿತು. ಅಷ್ಟು ಹೊತ್ತು ಆದಿಮಾನವ ಎಂದರೆ ಪುಸ್ತಕದ ಚಿತ್ರದಲ್ಲಿ ತೊಗಲು ಉಟ್ಟು, ಗದೆ ಹಿಡಿದು, ಗುಹೆಯ ಬಾಗಿಲಲ್ಲಿ ನಿಂತವನು. ಈಗ ನೋಡಿದರೆ ಅವನು ಬಿಳಿ ಅಂಗಿ ತೊಟ್ಟು ಕೊಡೆ ಹಿಡಿದು ಹೆಂಚಿನ ಕಾರ್ಖಾನೆಗೆ ಹೋಗುವ ನನ್ನ ಮಾವ. ಆ ಪಾಠ ನಮ್ಮದೇ ಮನೆಯದ್ದೆಂದು ತಿಳಿದಾಗ ನನಗಾದ ಗಾಬರಿಯನ್ನು ಹೇಳಲಾರೆ. ಯಾರೋ ನಮ್ಮ ಮನೆಯ ಒಳಕೋಣೆಯ ಬಾಗಿಲು ತೆರೆದು ಎಲ್ಲರಿಗೂ ತೋರಿಸಿದ ಹಾಗಾಯಿತು.

ಮೇಷ್ಟ್ರು ಬಿಡಲಿಲ್ಲ. ಕೆಡ್ಡಸಕ್ಕೆ ಬಂದೇ ಬರುತ್ತೇನೆಂದರು. ಬಂದರು ಕೂಡ, ಬಿಸಿಲಿಗೆ ತಲೆಗೆ ಟವಲು ಸುತ್ತಿಕೊಂಡು, ಬಸ್ಸಿನಿಂದ ಇಳಿದು ಗದ್ದೆಯ ಬದುವಿನಲ್ಲಿ ತೂಗಾಡುತ್ತಾ. ಮಾವ ಗೌರವದಿಂದ ನೀರು ಬೆಲ್ಲ ಕೊಟ್ಟರು. ಅವರಿಗೆ ಈ ಅತಿಥಿ ಇಷ್ಟವಿರಲಿಲ್ಲವೆಂದು ನನಗೆ ಗೊತ್ತಾಯಿತು. ಅದ್ರಾಮ ಬ್ಯಾರಿಗಳಿಗೆ ಮಾತ್ರ ಮೇಷ್ಟ್ರನ್ನು ಕಂಡು ಹಬ್ಬ.

ಬೇಟೆಯ ಗುಂಪಿನ ಹಿಂದೆ ನಾನೂ ಹತ್ತಿದೆ, ಮೇಷ್ಟ್ರಿಗೆ ತುಳು ಬಾರದು ಎಂಬ ನೆಪ. ಆ ಜಾಗಕ್ಕೆ ಹತ್ತು ವರ್ಷದ ಮೇಲೆ ಅದೇ ಮೊದಲ ಸಲ ಹೋದದ್ದು. ಇಳಿಜಾರಿನಲ್ಲಿ ಮೊಣಕಾಲೆತ್ತರದ ಒಂದು ಮುರಕಲ್ಲು. ಅದರ ಕೊರಳಿಗೆ ಹಳೆಯ, ಹೊಸ ಕೆಂಪು ಬಟ್ಟೆಗಳು. ಅವುಗಳಲ್ಲಿ ಒಂದು ನಮ್ಮ ಮುಂಬಯಿಯ ಖೋಲಿಯ ಕಿಟಕಿ ಪರದೆಯ ತುಂಡು ಎಂದು ನಾನು ಗುರುತು ಹಿಡಿದೆ.

ಗಂಡಸರು ಕೋವಿಗಳನ್ನು ನೆಲಕ್ಕಿಟ್ಟರು. ಆಮೇಲೆ ಎಲ್ಲರೂ ಒಟ್ಟಿಗೆ ಎಡಗಾಲು ಎತ್ತಿ ಒಂದೇ ಕಾಲಿನಲ್ಲಿ ನಿಂತರು. ಮೀಸೆ ನರೆತವರು, ಹೊಟ್ಟೆ ಬಂದವರು, ಎಲ್ಲರೂ. ನಗು ತಡೆಯಲು ನಾನು ಸೆರಗನ್ನು ಬಾಯಿಗೆ ಒತ್ತಿದೆ. ಆದರೆ ಒಬ್ಬರ ಮುಖದಲ್ಲೂ ನಗುವಿರಲಿಲ್ಲ. ಅದನ್ನು ಕಂಡು ನಾನು ಸೆರಗು ಕೆಳಗೆ ಬಿಟ್ಟೆ. ಮಾವ ಎಳನೀರು ಎರೆದು ಹೇಳಿದರು:

"ಅಪ್ಪೇ, ನಾವು ಬಂದದ್ದು ಹೊಟ್ಟೆಗಾಗಿ. ಕಣ್ಣು ತಪ್ಪಿದರೆ ಕೈ ತಪ್ಪದ ಹಾಗೆ ನೋಡಿಕೋ. ಕೈಯೂ ತಪ್ಪಿದರೆ ಕೋವಿಯ ಬಾಯಿ ಕಟ್ಟು."

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಮೇಷ್ಟ್ರ ಕಣ್ಣಲ್ಲಿ ನೀರು. "ಒಂದೇ ಕಾಲು ಯಾಕೆ?" ಎಂದು ಕೇಳಿದರು.

ಅದ್ರಾಮ ಬ್ಯಾರಿಗಳು ಮುಂದೆ ಬಂದರು. "ಅವಳು ನಿಂತದ್ದೇ ಹಾಗಲ್ವಾ ಮಾಷ್ಟ್ರೇ! ನಾನು ನೋಡ್ಲಿಲ್ಲ, ಸುಳ್ಳು ಹೇಳ್ಬಾರದು. ಆದ್ರೆ ಕೂಗು ಈ ಕಿವಿಯಲ್ಲೇ ಕೇಳಿದ್ದು. ಓಡಿ ಬಂದು ನೋಡಿದ್ರೆ ಈ ಸಂಜೀವಣ್ಣ ಕೋವಿ ಬಿಸಾಡಿ ಕೂತಿದ್ದಾರೆ, ಮೈಯೆಲ್ಲಾ ನೀರು. ‘ಎಂತ ಆಯ್ತು ಮಾರಾಯ್ರೇ?’ ಅಂದ್ರೆ, ‘ಹುಡುಗಿ, ಹುಡುಗಿ’ ಅಂತ ಅಷ್ಟೇ. ಒಂದು ಕಾಲು ಎತ್ತಿ ತೋರಿಸಿದ್ರು. ಈ ಗುಡ್ಡೆಯಲ್ಲಿ ಆ ಹೊತ್ತಿಗೆ ಯಾವ ಹುಡುಗಿ ಬರ್ತಾಳೆ, ನೀವೇ ಹೇಳಿ! ನಾನು ಕಲ್ಲಿಗೆ ಕೈ ಮುಗಿಯುವವನಲ್ಲ. ಆದ್ರೆ ಈ ಬದಿಗೆ ಕೋವಿ ಎತ್ತುವುದೂ ಇಲ್ಲ."

ಮೇಷ್ಟ್ರು ಕೆಳಗಿನ ಕೆರೆಯನ್ನೇ ನೋಡುತ್ತಿದ್ದರು. ಅಲ್ಲಿ ಕೊಕ್ಕರೆಯೊಂದು ಒಂದು ಕಾಲಿನಲ್ಲಿ ನಿಂತಿತ್ತು. "ಸಿಕ್ತು!" ಎಂದರು. ಕೆರೆಯ ಪಕ್ಕ ಬದುಕಿದ ಆದಿ ಬೇಟೆಗಾರರು ಕೊಕ್ಕರೆಯನ್ನು ತಮ್ಮ ಕುಲದ ಹಕ್ಕಿ ಎಂದು ನಂಬಿ ಹಾಗೆ ನಿಲ್ಲುತ್ತಿದ್ದಿರಬೇಕು, ಸಾವಿರಾರು ವರ್ಷದ ನೆನಪು ಈ ಜನರ ಕಾಲಿನಲ್ಲಿ ಉಳಿದಿದೆ ಎಂದರು. ಭಾವಾವೇಶದಲ್ಲಿ ತಾವೂ ಒಂದು ಕಾಲು ಎತ್ತಿದರು. ಅದ್ರಾಮ ಬ್ಯಾರಿಗಳು ಹಿಡಿಯದೇ ಇದ್ದಿದ್ದರೆ ಉರುಳಿಕೊಂಡು ನೇರ ಕೆರೆಗೇ ಹೋಗುತ್ತಿದ್ದರು.

ಮಾವ ನೆಲದಿಂದ ತಮ್ಮ ಕೋವಿ ಎತ್ತಿಕೊಂಡರು. ನನ್ನನ್ನು ಮಾತ್ರ ನೋಡಲಿಲ್ಲ.

ಅಂದು ಬೇಟೆಯಲ್ಲಿ ಏನೂ ಸಿಗಲಿಲ್ಲ. ಸಂಜೆ ಮೇಷ್ಟ್ರನ್ನು ಬಸ್ಸಿಗೆ ಬಿಡಲು ಹೋದೆ. "ಮೂಲ ಯಾವತ್ತೂ ಸಿಗೋದಿಲ್ಲಮ್ಮ," ಎಂದರು. "ಯಾವುದೋ ಕಾಲದಲ್ಲಿ ಯಾವನೋ ಒಬ್ಬ ಏನನ್ನೋ ಕಂಡು ನಡುಗಿರ್ತಾನೆ. ಅವನು ಕಂಡದ್ದೇನು ಅಂತ ಹೇಳೋಕೆ ಯಾರೂ ಉಳಿದಿರೋದಿಲ್ಲ."

ಉಳಿದಿದ್ದೇನೆ ಸರ್, ನಿಮ್ಮ ಚೀಲ ಹಿಡಿದುಕೊಂಡು ನಿಂತಿದ್ದೇನೆ ಎಂದು ಕೂಗಬೇಕೆನಿಸಿತು. ಬಸ್ಸು ಬಂತು.

ಮನೆಗೆ ಬಂದಾಗ ಮಾವ ಒಬ್ಬರೇ ಜಗಲಿಯಲ್ಲಿ ಕುಳಿತು ಕೋವಿ ಒರೆಸುತ್ತಿದ್ದರು. ಅಮ್ಮ ಮತ್ತು ಅಜ್ಜಿ ಒಳಗೆ ದೀಪ ಹಚ್ಚುತ್ತಿದ್ದರು. ಇನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಅವರ ಹತ್ತಿರ ಕುಳಿತು, ನಗು ಬೆರೆತ ದನಿಯಲ್ಲೇ ಹೇಳಿದೆ.

"ಮಾವಾ, ಒಂದು ವಿಷಯ ಉಂಟು. ಬೈಯಬೇಡಿ. ಅದು ದೇವಿ ಅಲ್ಲ. ನಾನು."

ಮಾವ ಕೋವಿಯಿಂದ ಕಣ್ಣೆತ್ತಲಿಲ್ಲ.

"ಗೊತ್ತುಂಟು," ಎಂದರು.

ನಾನು ಅವರನ್ನೇ ನೋಡಿದೆ. ತಪ್ಪಾಗಿ ಕೇಳಿಸಿತೋ ಎನಿಸಿತು.

"ಆ ದಿನವೇ ಗೊತ್ತುಂಟು ಮಗಾ. ನಾನು ಎತ್ತಿ ಆಡಿಸಿದ ಕೂಸು. ನನಗೆ ಗುರ್ತ ಸಿಗುವುದಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವರು ಬಟ್ಟೆಯನ್ನು ಮಡಚಿದರು. ಬಿಚ್ಚಿದರು. ಮತ್ತೆ ಮಡಚಿದರು. "ಪೊದೆಯ ಹಿಂದೆ ಕಪ್ಪಗೆ ಅಲ್ಲಾಡ್ತಾ ಇತ್ತು. ನೀನು ಬಗ್ಗಿದ್ದಿ ಅಲ್ವಾ, ಕೂದಲೆಲ್ಲಾ ಮುಂದೆ ಬಿದ್ದಿತ್ತು. ಹತ್ತಿರ ಆ ನಾಯಿ. ಹಂದಿ ಅಂತಲೇ ಎಣಿಸಿದ್ದು. ದೊಡ್ಡ ಹಂದಿ."

"ಕೋವಿ ಎತ್ತಿದಿರಾ?"

"ಎತ್ತಿದ್ದು ಮಾತ್ರ ಅಲ್ಲ." ಅವರ ಬೆರಳು ಕೋವಿಯ ಟ್ರಿಗರಿನ ಮೇಲೆ ಬಂತು. "ಕುದುರೆ ಎಳೆದಿದ್ದೇನೆ."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಗ, ಅದುವರೆಗೆ ಒಮ್ಮೆಯೂ ನೆನಪಿಗೆ ಬಾರದೇ ಇದ್ದ ಸದ್ದೊಂದು ಕಿವಿಯಲ್ಲಿ ಕೇಳಿಸಿತು. ಮುಳ್ಳು ಕೀಳುತ್ತಿದ್ದಾಗ ಎಲ್ಲೋ ಹತ್ತಿರದಲ್ಲಿ ‘ಟಕ್’ ಎಂದಿತ್ತು. ಒಣ ಕಡ್ಡಿ ಮುರಿದ ಹಾಗೆ. ಅದನ್ನು ಕೇಳಿಯೇ ನಾನು ತಲೆ ಎತ್ತಿದ್ದು.

"ಕೇಪು ಹೊಡೀಲಿಲ್ಲ," ಎಂದರು ಮಾವ. "ಆ ಕೋವಿ ಅದಕ್ಕೆ ಮೊದಲು ಒಂದು ದಿನವೂ ನನಗೆ ಸುಳ್ಳು ಹೇಳಿದ್ದಿಲ್ಲ. ಟಕ್ ಅಂತ ಒಂದು ಶಬ್ದ. ಹಂದಿ ಎದ್ದು ನಿಂತಿತು. ನೋಡಿದರೆ ನೀನು."

ಒಳಗೆ ಅಜ್ಜಿ ಯಾವುದೋ ದೇವರ ನಾಮ ಹೇಳುತ್ತಿದ್ದರು. ನನ್ನ ಕೈಕಾಲು ತಣ್ಣಗಾಗಿತ್ತು. ಹತ್ತು ವರ್ಷ ತಡವಾಗಿ.

"ಅವರೆಲ್ಲ ಓಡಿ ಬಂದು ಕೇಳಿದಾಗ ನನ್ನ ಬಾಯಿಗೆ ಮಾತೇ ಬರ್ಲಿಲ್ಲ. ಹುಡುಗಿ ಅಂದೆ. ದೇವಿ ಅಂತ ನಾನು ಹೇಳ್ಲಿಲ್ಲ, ಅದು ಅವರು ಹೇಳಿದ್ದು. ಅಲ್ಲ ಅಂತಲೂ ನಾನು ಹೇಳ್ಲಿಲ್ಲ. ಯಾರ ಹತ್ರ ಹೇಳುವುದು? ನಿನ್ನ ಅಮ್ಮನ ಹತ್ರವಾ? ನಿನ್ನ ಒಬ್ಬಳೇ ಮಗಳ ಮೇಲೆ, ಕುಟುಂಬದ ಒಂದೇ ಹೆಣ್ಣಿನ ಮೇಲೆ ಕೋವಿ ಎಳೆದೆ ಅಂತವಾ? ಮರುದಿನ ಹೋಗಿ ನಾನೇ ಆ ಕಲ್ಲು ನೆಟ್ಟೆ. ಇಲ್ಲಿ ಕೋವಿ ಎತ್ಬೇಡಿ ಅಂತ ಬೋರ್ಡು ಹಾಕಿದ್ರೆ ಯಾರು ಕೇಳ್ತಾರೆ? ಕಲ್ಲಿನ ಮಾತು ಕೇಳ್ತಾರೆ." ಅವರು ಕೋವಿಯನ್ನು ನನ್ನ ಕಡೆಗೆ ಸ್ವಲ್ಪ ವಾಲಿಸಿದರು. "ಇದರಲ್ಲಿ ಅಂದಿನಿಂದ ಮದ್ದು ಹಾಕಿಲ್ಲ. ಬರೀ ಹೊತ್ತುಕೊಂಡು ಹೋಗುವುದು, ಹೊತ್ತುಕೊಂಡು ಬರುವುದು."

"ಅಂದರೆ ಅಲ್ಲಿ ದೇವಿ ಇಲ್ಲ," ಎಂದೆ. ಯಾಕೆ ಹಾಗೆಂದೆನೋ, ಏನಾದರೂ ಹೇಳಬೇಕಿತ್ತು.

ಮಾವ ನನ್ನನ್ನು ವಿಚಿತ್ರವಾಗಿ ನೋಡಿದರು. "ಹಾಗೆ ಹೇಳ್ಬೇಡ. ಮೊದಲೆಲ್ಲ ಆ ಕಲ್ಲಿನ ಎದುರು ನಿಂತರೆ ನೀನೇ ಕಾಣ್ತಿದ್ದಿ. ಆ ಫ್ರಾಕು, ಆ ಕಾಲು. ಈಗ ನೀನು ಕಾಣುವುದಿಲ್ಲ ಮಗಾ. ಅವಳು ಕಾಣುವುದು. ಕೇಪನ್ನು ಹಿಡಿದವಳು ಯಾರು, ಹೇಳು?"

ಕೇಪು ತೇವವಾಗಿತ್ತು ಎನ್ನಬಹುದಿತ್ತು. ಎನ್ನಲಿಲ್ಲ.

ಮರುದಿನ ಕೆಡ್ಡಸದ ಕಡೆಯ ದಿನ. ಬೆಳಿಗ್ಗೆ ಅಂಗಳದಲ್ಲಿ ಅಮ್ಮ ಭೂಮಿಗೆ ಎಣ್ಣೆ, ಸೀಗೆ ಬಿಟ್ಟು ಮೀಯಿಸುತ್ತಿದ್ದಳು. ನಾನು ಮಾವನ ಬಳಿ ಹೋಗಿ, "ನನಗೆ ಆ ಜಾಗ ತೋರಿಸಿ," ಎಂದೆ. ಬೇಡ ಎಂದಾರು ಅಂದುಕೊಂಡಿದ್ದೆ. ಅವರು ಚಪ್ಪಲಿ ಮೆಟ್ಟಿದರು.

ಗುಡ್ಡೆಯಲ್ಲಿ ಯಾರೂ ಇರಲಿಲ್ಲ. ಕಲ್ಲಿನಿಂದ ತುಸು ಕೆಳಗೆ, ಬಾಗಿದ ಗೇರು ಮರವೊಂದರ ಬುಡದಲ್ಲಿ ಮಾವ ನಿಂತರು. "ಇಲ್ಲಿ," ಎಂದರು. ನಾನು ಕಲ್ಲಿನ ಹತ್ತಿರಕ್ಕೆ ಹೋಗಿ ತಿರುಗಿ ನಿಂತೆ. ಇಷ್ಟು ದಿನ ನನ್ನ ಕಲ್ಪನೆಯಲ್ಲಿ ಅದು ದೂರದ ಸಂಗತಿ. ಬೇಟೆಗಾರ ಅಲ್ಲೆಲ್ಲೋ, ದೇವಿ ಇಲ್ಲೆಲ್ಲೋ. ನಿಂತು ನೋಡಿದರೆ ನಮ್ಮ ಜಗಲಿಯಿಂದ ಬಾವಿಕಟ್ಟೆಗೆ ಎಷ್ಟೋ ಅಷ್ಟೇ ದೂರ. ಮಾವನ ಅಂಗಿಯ ಗುಂಡಿಗಳು ಒಂದೊಂದೂ ಕಾಣುತ್ತಿದ್ದವು. ಅಷ್ಟು ಹತ್ತಿರದಿಂದ ಯಾರ ಗುರಿಯೂ ತಪ್ಪುವುದಿಲ್ಲ. ಏಳು ವರ್ಷದ ಹುಡುಗಿ ಬಗ್ಗಿದರೆ ಅವಳ ತಲೆ ಎಲ್ಲಿಗೆ ಬರಬಹುದು ಎಂದು ಕೈಯಿಂದ ಅಳೆದು ನೋಡಿದೆ.

"ಅಲ್ಲಿ ನಿಲ್ಬೇಡ!" ಮಾವ ಒಮ್ಮೆಲೇ ಕಿರುಚಿದರು. ಅಷ್ಟು ದೊಡ್ಡ ದನಿ ಅವರಿಗಿದೆಯೆಂದು ನನಗೆ ಗೊತ್ತಿರಲಿಲ್ಲ. "ಈಚೆ ಬಾ! ಬಾ ಈಚೆ!"

ಅವರ ಕೈಯಲ್ಲಿ ಕೋವಿಯಿರಲಿಲ್ಲ. ಆದರೂ ನಾನು ಓಡಿದೆ. ಹತ್ತಿರ ಬಂದದ್ದೇ ಅವರು ನನ್ನ ತಲೆ, ಕೆನ್ನೆ, ಭುಜ, ತೋಳು ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದರು, ಎಲ್ಲಿಯಾದರೂ ತೂತು ಬಿದ್ದಿದೆಯೋ ಎಂಬ ಹಾಗೆ. ಹದಿನೇಳು ವರ್ಷದ ಸೋದರಸೊಸೆಯನ್ನು ಹಾಗೆ ಮುಟ್ಟುವ ಮನುಷ್ಯರಲ್ಲ ಅವರು. ಆಮೇಲೆ ಅವರು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು.

ಕಲ್ಲು ಅವರ ಬಲಕ್ಕಿತ್ತು. ಅವರು ಮುಖ ಮಾಡಿದ್ದು ನನ್ನ ಕಡೆಗೆ.

ಇದುವರೆಗೆ ನಾನು ಬೆಚ್ಚಿದ್ದೆಲ್ಲ ಇದರ ಮುಂದೆ ಏನೂ ಅಲ್ಲ. ಮನೆಯ ಯಜಮಾನ, ನಾವೆಲ್ಲ ಎದುರು ನಿಲ್ಲಲು ಹೆದರುವ ಹಿರಿಯ, ಗೇರು ಮರದ ಕೆಳಗೆ ಕಣ್ಣು ಮುಚ್ಚಿ, ಕೈ ಜೋಡಿಸಿ, ನನ್ನೆದುರು ನಿಂತಿದ್ದಾರೆ. ಬೇಡ ಮಾವಾ, ಎಂತ ಮಾಡ್ತೀರಿ ಎಂದು ಹೇಳಿ ಅವರ ಕೈ ಬಿಡಿಸಬೇಕಿತ್ತು. ನನ್ನ ಕೈ ಮೇಲೆದ್ದದ್ದೂ ಅದಕ್ಕೇ. ಆದರೆ ಅದು ಹೋಗಿ ಅವರ ತಲೆಯ ಮೇಲೆ ನಿಂತಿತು. ಬಾಯಿಂದ ಬಂದದ್ದು ಭೂತಕೋಲದಲ್ಲಿ ದೈವ ತನ್ನ ಮಕ್ಕಳಿಗೆ ಹೇಳುವ ಮಾತು.

"ಪೋಡ್ಯೊಡ್ಚಿ," ಎಂದೆ. ಹೆದರಬೇಡ ಎಂದು.

ಮಾವ ತಲೆ ಬಗ್ಗಿಸಿಕೊಂಡೇ ಬಹಳ ಹೊತ್ತು ನಿಂತಿದ್ದರು. ಅವರು ಕಣ್ಣು ತೆರೆಯುವವರೆಗೆ ನಾನು ಕೈ ತೆಗೆಯಲಿಲ್ಲ.